ಬೆವರು ಬಾರದ ಊರು

ಏಪ್ರಿಲ್ 20, 1997. ಜಾವಳಿ

ಇವತ್ತು ಬೆಳಿಗ್ಗೆ ನಂಜತ್ತೆ ಹಗ್ಗದ ಮೇಲಿದ್ದ ಸೀರೆಯ ಅಂಚನ್ನು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿ ನಿಂತಿದ್ದರು. ಬಟ್ಟೆ ಒಣಗಿದೆಯೋ ಇಲ್ಲವೋ ಎಂದು ಅವರು ಕೈಯಿಂದ ನೋಡುವುದಿಲ್ಲ. ಕೈಗೆ ತಣ್ಣಗಿದ್ದುದೆಲ್ಲ ಒದ್ದೆಯಾಗಿಯೇ ಕಾಣುತ್ತದಂತೆ, ಕೆನ್ನೆಗೆ ಮಾತ್ರ ಗೊತ್ತಾಗುತ್ತದಂತೆ. "ಇನ್ನೂ ಹಸಿ" ಎಂದು ಸೀರೆಯನ್ನು ಮತ್ತೆ ಹರವಿದರು. ನಿನ್ನೆ ಸಂಜೆ ಗುಡುಗಿ ಸುರಿದಿತ್ತು.

ಅತ್ತೆಯ ಬದುಕೆಲ್ಲ ಒಣಗಿಸುವುದರಲ್ಲೇ ಕಳೆದಿದೆ. ಅಪ್ಪನ ಅಕ್ಕ ಅವರು. ಗಂಡ ತೀರಿಕೊಂಡ ಮೇಲೆ, ನಾನು ಹುಟ್ಟುವುದಕ್ಕೂ ಮೊದಲೇ, ಈ ಮನೆಗೆ ಬಂದವರು. ನಮ್ಮ ಆರು ಎಕರೆಯ ಕಾಫಿ ಕಣಕ್ಕೆ ಇಳಿಯಿತೆಂದರೆ ಆಮೇಲೆ ಅದು ಅತ್ತೆಯದು. ಹರವಿ, ಕಾಲಾಡಿಸಿ, ಸಂಜೆ ರಾಶಿ ಮಾಡಿ ಮುಚ್ಚಿ, ಒಂದು ಹಿಡಿ ಕಿವಿಯ ಹತ್ತಿರ ಅಲ್ಲಾಡಿಸಿ ಗಲಗಲ ಅಂದರೆ ಮಾತ್ರ ಚೀಲಕ್ಕೆ. ಮಳೆಗಾಲದಲ್ಲಿ ಬಟ್ಟೆಗಳನ್ನು ಒಲೆಯ ಮೇಲಿನ ಬಿದಿರ ಗಳಕ್ಕೆ ಹಾಕುತ್ತಾರೆ. ಅವರ ಸೀರೆಗಳಿಗೆಲ್ಲ ಹೊಗೆಯ ವಾಸನೆ. ಆ ವಾಸನೆ ಬಂದರೆ ಅತ್ತೆ ಬಂದರು ಎಂದು ನನಗೆ ಚಿಕ್ಕಂದಿನಿಂದ ಗೊತ್ತು.

ಮಧ್ಯಾಹ್ನ ಮೂಡಿಗೆರೆಯಿಂದ ಸೋಮಶೇಖರಪ್ಪ ಚಿಕ್ಕಪ್ಪ, ಚಿಕ್ಕಮ್ಮ ಬಂದಿದ್ದರು. ಚಿಕ್ಕಪ್ಪ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿರುವುದರಿಂದ ಮನೆಯೊಳಗೂ ದೂರದವರೊಡನೆ ಮಾತಾಡುವಂತೆ ಕೂಗುತ್ತಾರೆ.

"ಅಕ್ಕಾ, ಈ ವರ್ಷ ಬಿಟ್ರೆ ಆಫೀಸಿಂದ ಸಿಗೋ ನನ್ನ ಎಲ್.ಟಿ.ಸಿ. ಪ್ರಯಾಣ ಹೋಗೇ ಹೋಗುತ್ತೆ. ಕಾಶಿಗೆ ಕರ್ಕೊಂಡು ಹೋಗ್ತೀನಿ, ಹೊರಡು."

"ನೀರಲ್ಲಿ ಮುಳುಗಿದ್ರೆ ಪುಣ್ಯ ಬರೋ ಹಾಗಿದ್ರೆ ಸೋಮ, ಜಾವಳಿಯೋರೆಲ್ಲ ಯಾವತ್ತೋ ಸ್ವರ್ಗಕ್ಕೆ ಹೋಗಿರ್ಬೇಕಿತ್ತು. ನಂಗೆ ನೀರು ಸಾಕಾಗಿದೆ ಮಾರಾಯ. ನೀರಿಲ್ಲದ ಊರು ಇದ್ರೆ ತೋರ್ಸು."

"ಹಂಗಂದ್ರೆ?"

"ಮರಳುಗಾಡು. ಒಂದು ಸಲ ಆ ಮರಳು ಕೈಯಲ್ಲಿ ಹಿಡಿದು ನೋಡ್ಬೇಕು. ಒಣಗಿಸೋರೇ ಇಲ್ದೆ ಅದು ಒಣಗಿ ಬಿದ್ದಿರುತ್ತಂತಲ್ಲ!"

ಎಲ್ಲರೂ ನಕ್ಕರು. ಚಿಕ್ಕಮ್ಮ "ಮೇ ತಿಂಗಳಲ್ಲಾ?" ಎಂದರು. ಮಗಳು ದಿವ್ಯಾಳ ಸ್ಕೂಲಿಗೆ ರಜೆ ಇರುವುದು ಆಗಲೇ ಎಂದರು ಚಿಕ್ಕಪ್ಪ. "ಬಿಸಿಲು ತಾನೆ? ನಮಗೆ ಆರು ತಿಂಗಳು ಅದೇ ಗತಿ ಇಲ್ಲ. ಬರ್ತಾ ಒಂದು ಮೂಟೆ ಕಟ್ಕೊಂಡು ಬರೋಣ" ಎಂದೂ ಸೇರಿಸಿದರು.

ಮೇ ತಿಂಗಳಲ್ಲಿ ರಾಜಸ್ಥಾನದಲ್ಲಿ ಬಿಸಿಗಾಳಿಗೆ ಜನ ಸಾಯುತ್ತಾರೆಂದು ಹೋದ ವರ್ಷ ಪತ್ರಿಕೆಯಲ್ಲಿ ಓದಿದ್ದೆ. ಹೇಳೋಣವೆಂದುಕೊಂಡೆ. ಅಷ್ಟರಲ್ಲಿ ಮಾತು ರೈಲಿನ ಬುತ್ತಿಗೆ ಹೋಗಿತ್ತು. ಅತ್ತೆಯ ಜೊತೆಗೆಂದು ನಾನೂ ಹೋಗಬೇಕಂತೆ.

ಏಪ್ರಿಲ್ 29

ಮೂಡಿಗೆರೆಯ ಕಾಲೇಜಿನ ಪ್ರಿನ್ಸಿಪಾಲರು ಅಪ್ಪನಿಗೆ ಸಿಕ್ಕಿ, ಪಿಯುಸಿಗೆ ಕನ್ನಡ ಪಾಠ ಮಾಡಲು ನನ್ನನ್ನು ಕೇಳಿದರಂತೆ. ಶಂಕರಘಟ್ಟದಲ್ಲಿ ಎಂ.ಎ. ಮಾಡಿ ಮನೆಯಲ್ಲಿ ಕೂತಿದ್ದಾಳಲ್ಲ ಎಂದು. ಆಗುವುದಿಲ್ಲ ಎಂದು ಹೇಳಿಸಿದೆ. ಅರವತ್ತು ಮಕ್ಕಳು ನನ್ನ ಬಾಯಿಯನ್ನೇ ನೋಡುತ್ತಾ ಕೂತಿರುವುದನ್ನು ನೆನೆದರೆ ನಾಲಿಗೆ ಒಣಗುತ್ತದೆ.

ಅತ್ತೆ, "ಬಿಡು, ಅವಳ ಬದಲು ನಾನೇ ಹೋಗಿ ಮಾತಾಡ್ತೀನಿ. ಪಾಠ ಒಂದು ಬರೋದಿಲ್ಲ ಅಷ್ಟೆ" ಎಂದರು.

ಮೇ 11. ರೈಲಿನಲ್ಲಿ

ಬೀರೂರಿನಲ್ಲಿ ರೈಲು ಹತ್ತುವಾಗ ಅಮ್ಮ ಚೀಲಕ್ಕೆ ಹಾಕಿದ್ದ ಕೊಡೆಯನ್ನು ಅತ್ತೆ ಅಪ್ಪನ ಕೈಗೆ ವಾಪಸು ಕೊಟ್ಟರು. ಮಳೆಯಿಲ್ಲದ ಊರಿಗೆ ಕೊಡೆ ಹೊತ್ತುಕೊಂಡು ಹೋದರೆ ಜನ ನಗುತ್ತಾರಂತೆ.

ಕಿಟಕಿಯ ಹೊರಗೆ ಎಲ್ಲವೂ ಕಂದು. ಅತ್ತೆ ಬೋಗಿಯ ಅರ್ಧ ಜನರನ್ನು ಪರಿಚಯ ಮಾಡಿಕೊಂಡಿದ್ದಾರೆ. ಭಾಷೆ ಬಾರದಿದ್ದರೂ ಮರಾಠಿ ಹೆಂಗಸೊಬ್ಬಳಿಗೆ ಕಾಫಿ ಹಣ್ಣು ಒಣಗಿಸುವುದು ಹೇಗೆಂದು ಕೈಯಲ್ಲೇ ತೋರಿಸಿದರು.

ಒಂದು ಗಮನಿಸಿದೆ. ಅತ್ತೆ ನೀರು ಕುಡಿಯುತ್ತಿಲ್ಲ. ಬಾಟಲಿ ಎತ್ತಿ ತುಟಿ ಒದ್ದೆ ಮಾಡಿಕೊಂಡು ಮುಚ್ಚಳ ಹಾಕುತ್ತಾರೆ. ಕಕ್ಕಸಿಗೆ ಹೋಗಬೇಕಾದರೆ ದಾರಿಯಲ್ಲಿ ಚಾದರ ಹಾಸಿ ಮಲಗಿರುವ ಗಂಡಸರನ್ನು ದಾಟಬೇಕು. ಅದಕ್ಕೇ. ಚಿಕ್ಕಮ್ಮನಿಗೆ ಹೇಳಬೇಕು.

ಮೇ 13. ಜೈಸಲ್ಮೇರ್

ಸ್ಟೇಷನ್ನಿನಲ್ಲಿ ಇಳಿದದ್ದು ನಾವೇ ಕೆಲವರು. ಹೋಟೆಲಿನ ಯಜಮಾನ ನಮ್ಮನ್ನು ನೋಡಿ, ಈ ತಿಂಗಳಲ್ಲಿ ಇಲ್ಲಿಯವರೇ ಊರು ಬಿಡುತ್ತಾರೆ, ನೀವು ಬಂದಿದ್ದೀರಲ್ಲ ಎಂದ. ಚಿಕ್ಕಪ್ಪ ಅದನ್ನು ಹೊಗಳಿಕೆಯೆಂದು ತಿಳಿದು ಅವನ ಕೈ ಕುಲುಕಿದರು.

ಅತ್ತೆ ಸ್ನಾನ ಮಾಡಿ, ಸೀರೆ ಒಗೆದು ತಾರಸಿಗೆ ಹೊರಟರು. ನಾನು ಒಂದು ತುದಿ ಹಿಡಿದುಕೊಂಡೆ. ಹಗ್ಗದ ಮೇಲೆ ಈ ತುದಿಯಿಂದ ಆ ತುದಿಗೆ ಹರವಿ ಮಡಿಕೆ ಬಿಡಿಸಿ ತಿರುಗಿದರೆ ಮೊದಲ ತುದಿ ಆಗಲೇ ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು. ಅತ್ತೆ ಓಡಿಹೋಗಿ ಅದನ್ನು ಕೆನ್ನೆಗೆ ಒತ್ತಿಕೊಂಡರು.

"ಒಣಗಿದೆ ಕಣೇ ರೇವ!"

ಮತ್ತೆ ಬಚ್ಚಲಿಗೆ ಹೋಗಿ ಅದೇ ಸೀರೆಯನ್ನು ಇನ್ನೊಮ್ಮೆ ನೆನೆಸಿ ತಂದರು. ಇನ್ನೊಮ್ಮೆ ಒಣಗಿತು. ಐವತ್ತೆಂಟು ವರ್ಷದ ಹೆಂಗಸು ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಕುಣಿದಾಡುತ್ತಾ ನಗುವುದನ್ನು ನೋಡಿ ಪಕ್ಕದ ತಾರಸಿಯ ಮುದುಕಿಯೊಬ್ಬಳು ಬಾಗಿಲ ಸಂದಿಯಿಂದ ಇಣುಕಿದಳು. ಅತ್ತೆ ಅವಳಿಗೂ ಸೀರೆ ತೋರಿಸಿದರು.

ಇಷ್ಟು ಖುಷಿಯಾಗಿ ಅವರನ್ನು ನಾನು ನೋಡಿದ್ದೇ ಇಲ್ಲ.

ಮೇ 14

ಬೆಳಿಗ್ಗೆ ಕೋಟೆ. ಹತ್ತು ಗಂಟೆಯ ಮೇಲೆ ಬೀದಿಯಲ್ಲಿ ಒಂದು ನಾಯಿಯೂ ಇಲ್ಲ. ದಿವ್ಯಾಳಿಗೆ ಹೊಟ್ಟೆ ಕೆಟ್ಟು ಚಿಕ್ಕಮ್ಮ ಅವಳ ಹತ್ತಿರವೇ ಇದ್ದಾರೆ. ಗಾಳಿ ಒಲೆಯ ಬಾಯಿಂದ ಬಂದಹಾಗೆ ಬರುತ್ತದೆ. ನಲ್ಲಿಯ ನೀರಿನಲ್ಲಿ ಕಾಫಿ ಮಾಡಬಹುದು.

ಅತ್ತೆ ಮಾತ್ರ ಒಪ್ಪುವುದಿಲ್ಲ. "ಇದು ಸೆಕೆಯಲ್ಲ ಮಾರಾಯ್ತಿ. ಮಂಗಳೂರಿಗೆ ಹೋಗಿ ನೋಡು, ರವಿಕೆ ಹಿಂಡಿದ್ರೆ ಒಂದು ಚೊಂಬು. ಇಲ್ಲಿ ನೋಡು, ಒಂದು ಹನಿ ಬೆವರಿಲ್ಲ. ಬೆವರಿಲ್ಲ ಅಂದ್ಮೇಲೆ ಸೆಕೆ ಎಲ್ಲಿಂದ ಬಂತು?" ಎಂದು ತೋಳನ್ನು ನನ್ನ ಮುಂದೆ ಹಿಡಿದರು. ನಿಜ, ತೋಳು ಒಣಗಿತ್ತು. ಹತ್ತಿರದಿಂದ ನೋಡಿದರೆ ಉಪ್ಪಿನ ಪುಡಿಯಂಥದೇನೋ ಬಿಳಿಯಾಗಿ ಅಂಟಿತ್ತು.

ನಾಳೆ ಮರಳುದಿಬ್ಬ. ಜೀಪಿನ ಡ್ರೈವರು ಸಂಜೆ ಐದರ ಮೇಲೆ ಹೋಗೋಣ ಎಂದ. ಚಿಕ್ಕಪ್ಪ, "ಮೇ ತಿಂಗಳಲ್ಲಿ ಯಾರಾದ್ರೂ ಮಧ್ಯಾಹ್ನದ ಮೇಲೆ ಹೊರಗೆ ಹೋಗ್ತಾರೇನಯ್ಯ, ಗುಡುಗು ಶುರುವಾಗುತ್ತೆ" ಎಂದು ಕನ್ನಡದಲ್ಲೇ ಹೇಳಿಬಿಟ್ಟರು. ಅತ್ತೆ ಕೆಮ್ಮು ಬರುವಷ್ಟು ನಕ್ಕರು. ಚಿಕ್ಕಪ್ಪನೂ ನಕ್ಕರು. ಆದರೂ ಬೆಳಿಗ್ಗೆಯೇ ಎಂದು ಗಟ್ಟಿ ಮಾಡಿದರು. ಊರಿನ ಅಭ್ಯಾಸ.

ಅತ್ತೆ ಹಾಸಿಗೆಯ ಮೇಲೆ ಒಂದು ಖಾಲಿ ಹಾರ್ಲಿಕ್ಸ್ ಬಾಟಲಿ ಇಟ್ಟುಕೊಂಡಿದ್ದಾರೆ. ಮರಳು ತುಂಬಿಸಿಕೊಳ್ಳಲು ಊರಿನಿಂದಲೇ ತಂದದ್ದು.

ಮೇ 15

ಅತ್ತೆ ಆಸ್ಪತ್ರೆಯಲ್ಲಿ. ಜ್ಞಾನ ಇಲ್ಲ.

ಮೇ 17

ಬರೆಯಲು ಕೈ ಬರುತ್ತಿಲ್ಲ. ಬರೆಯದೆ ಇರುವುದಕ್ಕೂ ಆಗುತ್ತಿಲ್ಲ.

ಮೊನ್ನೆ ಬೆಳಿಗ್ಗೆ ಜೀಪಿನಲ್ಲಿ ಮುಂದೆ ಡ್ರೈವರು, ಚಿಕ್ಕಪ್ಪ. ಹಿಂದೆ ಅತ್ತೆ, ನಾನು. ಮೊದಲು ಹಾಳುಬಿದ್ದ ಒಂದು ಹಳ್ಳಿಗೆ ಹೋದೆವು. ಚಾವಣಿಯಿಲ್ಲದ ಕಲ್ಲಿನ ಮನೆಗಳು, ಒಂದಿಷ್ಟೂ ನೆರಳಿಲ್ಲ. ಅತ್ತೆ ಒಂದೊಂದು ಮನೆಯನ್ನೂ ಹೊಕ್ಕು ಒಲೆ ಎಲ್ಲಿತ್ತೆಂದು ಹುಡುಕಿದರು. ವಾಪಸು ಜೀಪು ಹತ್ತುವಾಗ ಹೆಜ್ಜೆ ತಪ್ಪಿದರು. "ತಲೆ ಸ್ವಲ್ಪ ಧಿಮ್ ಅಂತಿದೆ, ಏನಿಲ್ಲ" ಎಂದರು. ನೀರು ಕೊಟ್ಟೆ. ತುಟಿ ಒದ್ದೆ ಮಾಡಿಕೊಂಡು ಮುಚ್ಚಳ ಹಾಕಿದರು.

ಜೀಪು ಹೊರಟು ಸ್ವಲ್ಪ ಹೊತ್ತಿಗೆ ನನ್ನ ಕಿವಿಯ ಹತ್ತಿರ ಬಗ್ಗಿ, "ರೇವ, ಒಂದ್ ನಿಮಿಷ ನಿಲ್ಸೋಕೆ ಹೇಳೆ" ಎಂದರು. ಯಾಕೆಂದು ನನಗೆ ಗೊತ್ತಾಯಿತು. ಹೊರಗಿನ ಗಂಡಸಿನೆದುರು ತಮ್ಮನಿಗೂ ಅದನ್ನು ಬಾಯಿಬಿಟ್ಟು ಹೇಳುವವರಲ್ಲ ಅವರು. ಊರೆಲ್ಲ ನಗಿಸುವ ಅತ್ತೆಗೆ ಈ ಒಂದು ವಿಷಯದಲ್ಲಿ ಬಾಯಿಲ್ಲ. ಅದಕ್ಕೇ ನನಗೆ ಹೇಳಿದ್ದು.

ನಾನು "ಚಿಕ್ಕಪ್ಪ" ಎಂದೆ. ಎಂಜಿನ್ನಿನ ಸದ್ದಿಗೆ ಅವರಿಗೆ ಕೇಳಿಸಲಿಲ್ಲ. ಅವರು ಡ್ರೈವರಿಗೆ ಎಕ್ಸ್‌ಚೇಂಜಿನ ಕಥೆ ಹೇಳುತ್ತಿದ್ದರು. ಕನ್ನಡಿಯಲ್ಲಿ ಡ್ರೈವರು ನನ್ನನ್ನು ನೋಡಿದ. ಅಷ್ಟಕ್ಕೇ ನಾನು ಕಿಟಕಿಯ ಕಡೆ ತಿರುಗಿಬಿಟ್ಟೆ. ಸುತ್ತ ಒಂದು ಪೊದೆಯೂ ಇಲ್ಲ, ನಿಲ್ಲಿಸಿದರೂ ಎಲ್ಲಿ ಹೋಗುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ.

"ಹೋಗ್ಲಿ ಬಿಡು" ಎಂದು ಅತ್ತೆ ನನ್ನ ತೊಡೆ ತಟ್ಟಿದರು. ಆಮೇಲೆ ನೀರಿನ ಬಾಟಲಿಯನ್ನು ಮುಟ್ಟಲೇ ಇಲ್ಲ.

ದೂರದಲ್ಲಿ ದಿಬ್ಬಗಳು ಹಳದಿಯಾಗಿ ಕಂಡವು. "ಅತ್ತೆ, ಅಲ್ಲಿ ನೋಡಿ" ಎಂದೆ. ಉತ್ತರವಿಲ್ಲ. ನನ್ನ ಭುಜದ ಮೇಲೆ ತಲೆಯಿಟ್ಟಿದ್ದರು. ನಿದ್ದೆ ಎಂದುಕೊಂಡೆ. ಹಣೆಯ ಮೇಲಿನ ಕೂದಲು ಸರಿಸಲು ಹೋದಾಗ ಕೆನ್ನೆ ಕೈಗೆ ತಾಗಿತು. ಕಣದಲ್ಲಿ ಮಧ್ಯಾಹ್ನದ ಹೊತ್ತು ಕಾಫಿಯೊಳಗೆ ಕೈಯಿಟ್ಟ ಹಾಗೆ, ಅಷ್ಟು ಬಿಸಿ, ಅಷ್ಟು ಒಣ.

ಆಗ ಕೂಗಿದೆ. ಆಗ ಎಲ್ಲರಿಗೂ ಕೇಳಿಸಿತು.

ಆಸ್ಪತ್ರೆಯಲ್ಲಿ ಮೈಗೆಲ್ಲ ಒದ್ದೆ ಬೆಡ್‌ಶೀಟು ಸುತ್ತಿದರು. ಒಣಗಿದ ಹಾಗೆ ಮತ್ತೆ ನೀರು ಹಾಕುತ್ತಿರಿ ಎಂದರು ನರ್ಸಮ್ಮ. ಕಾಲಿನಿಂದ ಶುರುಮಾಡಿ ತಲೆಯ ಹತ್ತಿರ ಬರುವಷ್ಟರಲ್ಲಿ ಕಾಲಿನ ಕಡೆ ಒಣಗಿರುತ್ತಿತ್ತು. ತಾರಸಿಯ ಸೀರೆಯ ಹಾಗೆಯೇ. ಸಂಜೆಯವರೆಗೂ ಒಣಗಬೇಡ ಒಣಗಬೇಡ ಎಂದುಕೊಳ್ಳುತ್ತಾ ನೀರು ಹಾಕಿದೆ.

ಡಾಕ್ಟರು ಚಿಕ್ಕಪ್ಪನನ್ನು ಏನೇನೋ ಕೇಳಿದರು. ಎಷ್ಟು ನೀರು ಕುಡಿದಿದ್ದಾರೆ, ಕೊನೆಯ ಸಲ ಮೂತ್ರಕ್ಕೆ ಹೋದದ್ದು ಯಾವಾಗ. ಚಿಕ್ಕಪ್ಪನಿಗೆ ಒಂದೂ ಗೊತ್ತಿರಲಿಲ್ಲ. ನಾನು ಹೇಳಿದೆ. ರೈಲಿನಿಂದ ಹಿಡಿದು ಜೀಪಿನವರೆಗೆ, ನಿಲ್ಲಿಸಲು ಹೇಳೆಂದದ್ದನ್ನೂ, ನನಗೆ ಬರುವ ಹಿಂದಿಯಲ್ಲಿ ಎಲ್ಲ ಹೇಳಿದೆ.

ಡಾಕ್ಟರು ಬರೆದುಕೊಂಡು ಹೋದರು. ಚಿಕ್ಕಪ್ಪ ನನ್ನನ್ನೇ ನೋಡುತ್ತಾ ನಿಂತಿದ್ದರು. ಮೊದಲ ಸಲ ಅವರ ದನಿ ಸಣ್ಣದಾಗಿತ್ತು. "ಇದೆಲ್ಲ ನೋಡಿದ್ಯಲ್ಲ ಮಗಳೆ. ಒಂದು ಮಾತು ಹೇಳ್ಬಾರ್ದಿತ್ತಾ?"

ಮೇ 21

ಅತ್ತೆ ಕಣ್ಣು ಬಿಟ್ಟರು. ನನ್ನನ್ನು ಗುರುತಿಸಿದರು. ಏನೋ ಹೇಳಿದರು, ಅರ್ಥವಾಗಲಿಲ್ಲ. ನಾಲಿಗೆ ಬಾಯಿಗೆ ಅಂಟಿಕೊಂಡ ಹಾಗೆ. ಸ್ವಲ್ಪ ದಿನ ಹೀಗಿರುತ್ತದೆ ಎಂದರು ಡಾಕ್ಟರು. ಎಷ್ಟು ದಿನ ಎಂದು ಕೇಳಿದ್ದಕ್ಕೆ ಬೇರೆ ಹಾಸಿಗೆಯ ಕಡೆ ಹೋದರು.

ಹಾರ್ಲಿಕ್ಸ್ ಬಾಟಲಿಯಲ್ಲಿ ಚಿಕ್ಕಮ್ಮ ಸಕ್ಕರೆ ಉಪ್ಪಿನ ನೀರು ಕಲಸಿ ಇಟ್ಟಿದ್ದಾರೆ.

ಜೂನ್ 9. ಜಾವಳಿ

ಮಳೆ ಹಿಡಿದಿದೆ. ನೋಡಲು ಬಂದವರೆಲ್ಲ ಅತ್ತೆಯನ್ನು ಬಿಟ್ಟು ಉಳಿದವರನ್ನು ಕೇಳುತ್ತಾರೆ. ಊಟ ಸೇರುತ್ತಾ, ನಿದ್ದೆ ಬರುತ್ತಾ, ನಡೀತಾರಾ. ಅತ್ತೆಯ ತಲೆಯ ಮೇಲಿಂದ ಮಾತು ಹೋಗುತ್ತದೆ, ಬರುತ್ತದೆ. ಗೋಡೆ ಹಿಡಿದರೆ ನಾಲ್ಕು ಹೆಜ್ಜೆ ನಡೆಯುತ್ತಾರೆ. ಕೈ ನಡುಗುವುದರಿಂದ ಲೋಟವನ್ನು ನಾನೇ ಹಿಡಿಯುತ್ತೇನೆ. ಈಗ ಲೋಟದ ತಳ ಕಾಣುವವರೆಗೂ ಬಿಡುವುದಿಲ್ಲ.

ಇವತ್ತು ಪಕ್ಕದ ಮನೆಯ ರಾಮಮ್ಮನವರು ಬಂದು, "ಪಾಪ, ಎಷ್ಟು ಮಾತಾಡೋರು" ಎಂದರು. ಅತ್ತೆಯ ಎದುರಿನಲ್ಲೇ. "ಈಗಲೂ ಮಾತಾಡ್ತಾರೆ, ಅವರನ್ನೇ ಕೇಳಿ" ಎಂದೆ. ರಾಮಮ್ಮನವರಿಗೆ ಬೇಜಾರಾಯಿತೋ ಏನೋ, ಕಾಫಿ ಕುಡಿಯದೆ ಹೋದರು.

ಚಿಕ್ಕಪ್ಪ ಬರುವುದು ಕಡಿಮೆ ಮಾಡಿದ್ದಾರೆ. ಬಂದರೂ ಜಗುಲಿಯಲ್ಲೇ ಕೂತು, ಕಾಶಿಗೇ ಹೋಗಬೇಕಿತ್ತು ಎಂದು ಅಪ್ಪನ ಹತ್ತಿರ ಹೇಳಿ ಎದ್ದು ಹೋಗುತ್ತಾರೆ.

ಜುಲೈ 24

ಬಟ್ಟೆ ಒಣಗುತ್ತಿಲ್ಲ. ಗಳಕ್ಕೆ ಹಾಕಿ ತಿರುವುವುದು ಈಗ ನನ್ನ ಕೆಲಸ. ಅತ್ತೆಯ ಸೀರೆಯನ್ನು ತಂದು ಕೊಟ್ಟರೆ ಕೆನ್ನೆಗೆ ಒತ್ತಿಕೊಂಡು ತಲೆಯಾಡಿಸುತ್ತಾರೆ, ಇನ್ನೂ ಹಸಿ ಎಂದು. ಬೆಳಿಗ್ಗೆ ಮೊದಲ ಕ್ಲಾಸಿಗೆ ನನ್ನ ಸೀರೆಯಿಂದ ಹೊಗೆಯ ವಾಸನೆ ಬರುತ್ತಿರಬೇಕು. ಮುಂದಿನ ಬೆಂಚಿನ ಹುಡುಗಿಯರು ಪಿಸುಗುಟ್ಟಿದರು. ಅವರನ್ನು ಎಬ್ಬಿಸಿ ಪದ್ಯ ಓದಿಸಿದೆ.

ಕಾಲೇಜಿಗೆ ಒಪ್ಪಿಕೊಂಡದ್ದನ್ನು ಇಲ್ಲಿ ಬರೆಯಲೇ ಇಲ್ಲವೆಂದು ಈಗ ನೆನಪಾಯಿತು. ಹದಿನೈದು ದಿನಕ್ಕೊಮ್ಮೆ ಅತ್ತೆಯನ್ನು ಚಿಕ್ಕಮಗಳೂರಿನ ಡಾಕ್ಟರಿಗೆ ತೋರಿಸಬೇಕಲ್ಲ, ಅದಕ್ಕೆ ಅಪ್ಪನನ್ನು ದುಡ್ಡು ಕೇಳುವುದು ಬೇಡವೆಂದು.

ಸೆಪ್ಟೆಂಬರ್ 13

ಡಾಕ್ಟರಿಗೆ ತೋರಿಸಿ ಬಂದೆವು. ಇಷ್ಟೇ, ಇನ್ನು ಹೆಚ್ಚು ಸುಧಾರಿಸುವುದು ಕಷ್ಟ ಎಂದರು. ಅತ್ತೆಗೆ ಕೇಳಿಸಿತು. ಹೊರಗೆ ಬಂದು ಬೆಂಚಿನ ಮೇಲೆ ಕೂತು ತುಂಬಾ ಹೊತ್ತು ನನ್ನ ಸೆರಗಿನ ಅಂಚನ್ನು ಮಡಿಸುತ್ತಾ ಬಿಡಿಸುತ್ತಾ ಇದ್ದರು.

ವಾಪಸು ಬರುವಾಗ ಆಲ್ದೂರು ದಾಟಿದ ಮೇಲೆ ಅವರು ನನ್ನ ಮೊಣಕೈ ಒತ್ತಿದರು. ಎದ್ದು ನಿಂತು ಬಸ್ಸು ನಿಲ್ಲಿಸಿ ಎಂದೆ.

"ಇಲ್ಲಿ ಸ್ಟಾಪಿಲ್ಲ ಅಮ್ಮ" ಎಂದ ಕಂಡಕ್ಟರ್.

"ಸ್ಟಾಪ್ ಇಲ್ದಿದ್ರೆ ಏನಾಯ್ತು, ನಿಲ್ಸಿ. ನಮ್ಮತ್ತೆ ಇಳೀಬೇಕು."

"ಒಬ್ಬೊಬ್ರಿಗೂ ನಿಲ್ಸಿದ್ರೆ ನಾವು ಊರು ಸೇರಿದ ಹಾಗೆ" ಎಂದು ಹಿಂದಿನಿಂದ ಯಾರೋ ಗೊಣಗಿದರು. "ನಿಮಗೂ ಬೇಕಿದ್ರೆ ಇಳೀರಿ" ಎಂದೆ. ಬಸ್ಸಿನಲ್ಲಿ ಎಲ್ಲರೂ ನಕ್ಕರು, ಅತ್ತೆಯೂ. ಕಾಫಿ ಗಿಡಗಳ ಹಿಂದೆ ಕರೆದುಕೊಂಡು ಹೋಗಿ ಬಂದೆ. ಎರಡು ನಿಮಿಷ. ಅಷ್ಟೇ ಆಗಿದ್ದು.

ಅಷ್ಟೇ ಆಗುತ್ತಿತ್ತು ಅಲ್ಲಿಯೂ.

ಡಿಸೆಂಬರ್ 14

ಈ ಸಲ ಕಣವನ್ನು ಅಮ್ಮ ನೋಡಿಕೊಳ್ಳುತ್ತಾರೆ. ಆಳುಗಳಲ್ಲಿ ತಂಗಮ್ಮನಿಗೆ ಕೆಲಸ ಗೊತ್ತು. ಅತ್ತೆಗೆ ಅಂಚಿನಲ್ಲಿ ಒಂದು ಮಣೆ ಹಾಕಿಕೊಟ್ಟಿದ್ದೇವೆ. ಇವತ್ತು ಭಾನುವಾರವಾದ್ದರಿಂದ ನಾನೂ ಇದ್ದೆ. ಅಪರೂಪಕ್ಕೆ ಚಿಕ್ಕಪ್ಪನೂ ಬಂದು ಅಪ್ಪನ ಜೊತೆ ಕೂತಿದ್ದರು.

ಅತ್ತೆ ಬಗ್ಗಿ ಒಣಗಿದ ಕಾಫಿಯೊಳಗೆ ಕೈ ತೂರಿಸಿ, ಬೊಗಸೆಯಲ್ಲಿ ಎತ್ತಿ, ಬೆರಳ ಸಂದಿಯಿಂದ ಬಿಡುತ್ತಿದ್ದರು. ಮತ್ತೆ ಎತ್ತುವುದು, ಮತ್ತೆ ಬಿಡುವುದು. ಆಮೇಲೆ ಗಟ್ಟಿಯಾಗಿ, "ಮ... ಳು" ಎಂದರು.

ಅಮ್ಮ ಬಾಗಿಲಿನಿಂದಲೇ "ಅಯ್ಯೋ, ಮಳೆ!" ಎಂದು ಕೂಗಿದರು. ತಂಗಮ್ಮ ಟಾರ್ಪಾಲು ಎಳೆದಳು, ಅಪ್ಪ ಚಪ್ಪಲಿ ಬಿಟ್ಟು ಓಡಿದರು, ಚಿಕ್ಕಪ್ಪ ಪಂಚೆ ಎತ್ತಿ ಕಟ್ಟಿ ಕಾಫಿ ಎಳೆಯುವ ಗೋರೆಮಣೆ ಹಿಡಿದರು. ಅರ್ಧ ಕಣ ರಾಶಿಯಾದ ಮೇಲೆ ಯಾರೋ ತಲೆಯೆತ್ತಿ ನೋಡಿದರು. ಆಕಾಶದಲ್ಲಿ ಒಂದು ತುಂಡು ಮೋಡವಿಲ್ಲ.

"ಅಕ್ಕನ್ನ ಒಳಗೆ ಕೂರ್ಸಿ, ಪಾಪ, ಅವಳಿಗೇನು ಗೊತ್ತಾಗುತ್ತೆ" ಎಂದರು ಅಪ್ಪ, ಏದುಸಿರು ಬಿಡುತ್ತಾ.

"ಗೊತ್ತಾಗುತ್ತೆ ಅಪ್ಪ. ಅವರು ಮಳೆ ಅನ್ನಲಿಲ್ಲ. ಮರಳು ಅಂದ್ರು."

ಅತ್ತೆ ನನ್ನ ಕಡೆ ನೋಡಿ ತಲೆಯಾಡಿಸಿದರು. ಇನ್ನೊಂದು ಬೊಗಸೆ ಎತ್ತಿ ನಿಧಾನವಾಗಿ ಬಿಟ್ಟು, ಇನ್ನೊಂದು ಮಾತು ಹೇಳಿದರು. ಅದು ಎಲ್ಲರಿಗೂ ಅರ್ಥವಾಯಿತು. "ನೋಡ್ಲೇ ಇಲ್ಲ" ಎಂದು.

ಚಿಕ್ಕಪ್ಪ ಗೋರೆಮಣೆಯನ್ನು ಗೋಡೆಗೆ ಒರಗಿಸಿ ಬಂದು ಅತ್ತೆಯ ಮಣೆಯ ಪಕ್ಕ ನೆಲದ ಮೇಲೆ ಕೂತರು.

ಫೆಬ್ರವರಿಗೆ ಕುಯ್ಲು ಮುಗಿಯುತ್ತದೆ. ಆಗ ಜೈಸಲ್ಮೇರಿನಲ್ಲಿ ಚಳಿಯಂತೆ, ಲೈಬ್ರರಿಯಲ್ಲಿ ನೋಡಿದೆ. ಕಾಲೇಜಿಗೆ ಹತ್ತು ದಿನ ರಜೆ ಕೇಳಬೇಕು. ಅಪ್ಪ ಬೇಡ ಎನ್ನುತ್ತಾರೆ, ಅಮ್ಮ ಅಳುತ್ತಾರೆ. ಹಾರ್ಲಿಕ್ಸ್ ಬಾಟಲಿಯನ್ನು ತೊಳೆದು ಕಣದ ಗೋಡೆಯ ಮೇಲೆ ಬೋರಲು ಹಾಕಿದ್ದೇನೆ. ಚಿಕ್ಕಪ್ಪ ಬರುವುದಾದರೆ ಬರಲಿ, ಹಿಂದಿನ ಸೀಟಿನಲ್ಲಿ ಅತ್ತೆಯನ್ನು ಹಿಡಿದುಕೊಂಡು ಕೂರಲಿ. ಮುಂದೆ, ಡ್ರೈವರಿನ ಪಕ್ಕ, ನಾನು ಕೂರುತ್ತೇನೆ.